ಸೈಕಲ್ ಹ್ಯಾಂಡಲ್ ಮೇಲೊಂದು ಲೆಕ್ಕದ ಪುಸ್ತಕ

ಬೆಳಗಿನ ಅಭ್ಯಾಸ ಮುಗಿಸಿ ಬೆವರು ಒರೆಸಿಕೊಳ್ಳುತ್ತಾ ಮನೆಗೆ ಬಂದ ಮಗನಿಗೆ ಅಪ್ಪನ ಮೊದಲ ಪ್ರಶ್ನೆ: ‘ಏನೋ, ಇವತ್ತು ಎಷ್ಟು ಕಿಲೋಮೀಟರ್ ಆಯ್ತು? ಸ್ಪೀಡ್ ಎಷ್ಟು?’

ಹ್ಯಾಂಡಲ್ ಮೇಲಿನ ಪುಟ್ಟ ಜಿಪಿಎಸ್ ಕಂಪ್ಯೂಟರ್ ಇವೆರಡಕ್ಕೂ ಥಟ್ಟನೆ ಉತ್ತರ ಕೊಡುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಇವೆರಡೇ ಅಲ್ಲ.

ಹಳೆಯ ಸೈಕಲ್ ಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತಿತ್ತು. ಸುತ್ತಳತೆ 2.1 ಮೀಟರ್ ಆದರೆ ಸಾವಿರ ಸುತ್ತಿಗೆ 2.1 ಕಿ.ಮೀ., ಅಷ್ಟೇ. ಜಿಪಿಎಸ್ ಕ್ರಮವೇ ಬೇರೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳಿಂದ ಸಂಕೇತ ಬರಲು ಹಿಡಿದ ಸಮಯವನ್ನು ಅಳೆದು, ಕನಿಷ್ಠ ನಾಲ್ಕು ಉಪಗ್ರಹಗಳ ನೆರವಿನಿಂದ ನಾವಿರುವ ಜಾಗವನ್ನು ಅದು ಗುರುತಿಸುತ್ತದೆ. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿದ್ದ ಅಮೆರಿಕ 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಆಮೇಲೆಯೇ ತಪ್ಪು ಕೆಲವೇ ಮೀಟರುಗಳಿಗೆ ಇಳಿದದ್ದು. ಈಗಲೂ ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ಲೆಕ್ಕ ತುಸು ತಪ್ಪುವುದುಂಟು.

ವೇಗ ಮಾತ್ರ ನೋಡಿದರೆ ಮೋಸಹೋಗುತ್ತೇವೆ. ನಂದಿಬೆಟ್ಟದ ಏರಿನಲ್ಲಿ ಗಂಟೆಗೆ 10 ಕಿ.ಮೀ. ಹೋಗುವುದು ಬಯಲಿನ 25 ಕಿ.ಮೀ.ಗಿಂತ ಕಷ್ಟ. ಸೈಕ್ಲಿಂಗ್ ಪಟುಗಳಿಗೆ ಹೆಸರಾದ ವಿಜಯಪುರದ ಸಪಾಟು ರಸ್ತೆಯಲ್ಲೂ ಎದುರುಗಾಳಿ ಬೀಸಿದರೆ ವೇಗ ಕುಸಿಯುತ್ತದೆ. ಅದು ಸೋಮಾರಿತನವಲ್ಲ.

ಎದೆಗೆ ಕಟ್ಟುವ ಪಟ್ಟಿ ಇದ್ದರೆ ಹೃದಯ ಬಡಿತವೂ ದಾಖಲಾಗುತ್ತದೆ. ಇಲ್ಲಿದೆ ನಿಜವಾದ ಉಪಯೋಗ. ಅದೇ ರಸ್ತೆ, ಅದೇ ವೇಗ. ಎರಡು ತಿಂಗಳ ಹಿಂದೆ ನಿಮಿಷಕ್ಕೆ 165 ಇದ್ದ ಬಡಿತ ಈಗ 155 ಆಗಿದ್ದರೆ ಶಕ್ತಿ ಬೆಳೆದಿದೆ ಎನ್ನಬಹುದು. ಬದಲಿಗೆ ಎಂದಿಗಿಂತ ಹೆಚ್ಚಾಗಿದ್ದರೆ? ಬಿಸಿಲು, ನಿದ್ದೆಗೇಡು, ಜ್ವರದ ಮುನ್ಸೂಚನೆ ಅಥವಾ ಹಿಂದಿನ ದಿನಗಳ ದಣಿವು ಕಾರಣವಿರಬಹುದು. ಅಂದು ನಿಧಾನವಾಗಿ ತುಳಿಯುವುದು, ಇಲ್ಲವೇ ವಿಶ್ರಾಂತಿ ಪಡೆಯುವುದೇ ಜಾಣತನ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಸೂತ್ರ ಬರೀ ಅಂದಾಜು. ಅದನ್ನು ಹಿಡಿದು ಮಕ್ಕಳನ್ನು ದಂಡಿಸಬೇಡಿ. ಪಕ್ಕದ ಮನೆಯವರ ಅಂಕಿಯೊಂದಿಗೆ ಹೋಲಿಸಲೂ ಬೇಡಿ.

ವಿದ್ಯಾರ್ಥಿಗಳೇ, ಒಂದು ಎಚ್ಚರಿಕೆ. ಸವಾರಿಯ ನಕ್ಷೆಯನ್ನು ಎಲ್ಲರಿಗೂ ತೋರಿಸುವ ಮುನ್ನ ಮನೆಯ ಜಾಗವನ್ನು ಮರೆಮಾಡಿ. 2018ರಲ್ಲಿ ಸ್ಟ್ರಾವಾದ ಇಂಥದೇ ನಕ್ಷೆಯಿಂದ ಸೇನಾ ನೆಲೆಗಳೇ ಬಯಲಾಗಿದ್ದವು!

ಈ ಯಂತ್ರ ಕೊಳ್ಳಲು ಆಗದಿದ್ದರೆ ಚಿಂತೆ ಬೇಡ. ಬೆಳಿಗ್ಗೆ ಎದ್ದಕೂಡಲೇ ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ, ಹಿಂದಿನ ರಾತ್ರಿಯ ನಿದ್ದೆಯ ಜೊತೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದೂ ಒಳ್ಳೆಯ ದಾಖಲೆಯೇ.

ಇನ್ನು ಅಪ್ಪ ಅಮ್ಮಂದಿರು ನಾಳೆ ಬೆಳಿಗ್ಗೆ ಮೊದಲು ಕೇಳಬೇಕಾದ್ದು, ‘ಇವತ್ತು ಹೇಗನ್ನಿಸ್ತು? ತುಂಬಾ ಸುಸ್ತಾಯ್ತಾ?’ ಎಂದು. ಕಿಲೋಮೀಟರ್ ಲೆಕ್ಕ ತಿಂಡಿ ಆದಮೇಲೆ ನೋಡಿದರಾಯಿತು.