ಶ್ವಾಸಕೋಶವನ್ನು ಕತ್ತರಿಸುವ ಕಿಣ್ವಗಳು

ಜಮಖಂಡಿ, ಮುಧೋಳ, ಬೀಳಗಿ ಕಡೆ ಕಬ್ಬಿನ ಹೊಲಗಳು, ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳು. ಅಡುಗೆಮನೆಯ ಕಟ್ಟಿಗೆ-ಕುಳ್ಳಿನ ಒಲೆ, ಹೊಲದಲ್ಲಿ ಸುಡುವ ರವದಿ, ಬೆಲ್ಲದ ಗಾಣದ ಒಲೆ, ಬೀಡಿ ಇವುಗಳ ಹೊಗೆಯೂ ಹತ್ತಿಯ ಧೂಳೂ ಉಸಿರಿನೊಡನೆ ಒಳಸೇರುತ್ತವೆ. ಬೀಡಿ ಮುಟ್ಟದಿದ್ದರೂ ಹಲವು ವರ್ಷ ಒಲೆಯ ಮುಂದೆ ಕುಳಿತ ಹೆಂಗಸರಿಗೆ ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುವುದುಂಟು. ಇದಕ್ಕೆ ಒಂದು ಮುಖ್ಯ ಕಾರಣ ದೀರ್ಘಕಾಲಿಕ ಶ್ವಾಸಾವರೋಧ ರೋಗ (ಸಿಓಪಿಡಿ). ಈ ರೋಗದಲ್ಲಿ ಶ್ವಾಸಕೋಶವನ್ನು ಕೆಡಿಸುವುದರಲ್ಲಿ ನಮ್ಮದೇ ದೇಹದ ಕಿಣ್ವಗಳ ಪಾಲು ದೊಡ್ಡದು.

ನಮ್ಮ ಶ್ವಾಸಕೋಶಗಳಲ್ಲಿ ಸುಮಾರು 30 ಕೋಟಿಗೂ ಹೆಚ್ಚು ವಾಯುಕೋಶಗಳಿವೆ. ಅವುಗಳ ತೆಳು ಗೋಡೆಯಲ್ಲಿ ಇಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳಿರುತ್ತವೆ. ಉಸಿರೆಳೆದಾಗ ಇವು ರಬ್ಬರಿನಂತೆ ಹಿಗ್ಗುತ್ತವೆ, ಬಿಟ್ಟಾಗ ಕುಗ್ಗಿ ಗಾಳಿಯನ್ನು ಹೊರದೂಡುತ್ತವೆ. ಗುಡಾರದ ಹಗ್ಗಗಳಂತೆ, ಕಿರಿದಾದ ಶ್ವಾಸನಾಳಗಳು ಮುಚ್ಚಿಕೊಳ್ಳದಂತೆ ಹಿಡಿದಿಡುವುದೂ ಇವೇ.

ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಇಲಾಸ್ಟೇಸ್ ಎಂಬ ಕಿಣ್ವವಿದೆ. ರೋಗಾಣುಗಳ ಪ್ರೋಟೀನುಗಳನ್ನು ತುಂಡರಿಸುವುದು ಅದರ ಕೆಲಸ. ಹೊರಗೆ ಸೋರಿದರೆ ಅದು ಇಲಾಸ್ಟಿನನ್ನೂ ಕತ್ತರಿಸಬಲ್ಲದು. ಹಾಗಾಗದಂತೆ ಯಕೃತ್ತಿನಲ್ಲಿ ತಯಾರಾಗುವ ಆಲ್ಫಾ-1 ಆಂಟಿಟ್ರಿಪ್ಸಿನ್ ರಕ್ತದ ಮೂಲಕ ಬಂದು, ಇಲಾಸ್ಟೇಸನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ.

ಈ ಸಮತೋಲದ ಮಹತ್ವ ತಿಳಿದದ್ದು 1960ರ ದಶಕದಲ್ಲಿ. ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್‌ಸನ್ 1963ರಲ್ಲಿ ಈ ರಕ್ಷಕ ಪ್ರೋಟೀನಿನ ಕೊರತೆಯಿದ್ದ ಐವರನ್ನು ಗುರುತಿಸಿದರು. ಅವರಲ್ಲಿ ಮೂವರಿಗೆ ವಾಯುಕೋಶಗಳು ನಾಶವಾಗುವ ಎಂಫಿಸೀಮಾ ಇತ್ತು. ಅದೇ ದಶಕದಲ್ಲಿ ಅಮೆರಿಕದ ಪಾಲ್ ಗ್ರಾಸ್ ಮತ್ತು ಸಂಗಡಿಗರು ಇಲಿಗಳ ಶ್ವಾಸಕೋಶಕ್ಕೆ ಪಪೇನ್ ಹಾಕಿದಾಗ ಎಂಫಿಸೀಮಾ ಉಂಟಾಯಿತು. ಮಾಂಸ ಬೇಗ ಮೆದುವಾಗಲೆಂದು ಹಾಕುವ ಪಪ್ಪಾಯಿ ಕಾಯಿಯಲ್ಲಿರುವುದು ಇದೇ ಕಿಣ್ವ!

ಈ ಆನುವಂಶಿಕ ಕೊರತೆ ನಮ್ಮಲ್ಲಿ ವಿರಳ. ಆದರೆ ಹೊಗೆ ತಕ್ಕಡಿಯ ಎರಡೂ ತಟ್ಟೆಗಳನ್ನು ಕದಲಿಸುತ್ತದೆ. ಒಂದೆಡೆ ನ್ಯೂಟ್ರೊಫಿಲ್‌ಗಳನ್ನೂ ಮ್ಯಾಕ್ರೊಫೇಜ್‌ಗಳನ್ನೂ ಗುಂಪುಗೂಡಿಸುತ್ತದೆ. ಮ್ಯಾಕ್ರೊಫೇಜ್‌ಗಳು ಇಲಾಸ್ಟಿನ್ ಕತ್ತರಿಸುವ ಬೇರೆ ಕಿಣ್ವಗಳನ್ನು ಸ್ರವಿಸುತ್ತವೆ. ಇನ್ನೊಂದೆಡೆ ಹೊಗೆಯ ಉತ್ಕರ್ಷಕಗಳು ಆಂಟಿಟ್ರಿಪ್ಸಿನ್ನಿನ ಮೆಥಿಯೊನಿನ್ ಭಾಗವನ್ನು ಬದಲಿಸಿ, ಅದರ ಹಿಡಿತವನ್ನು ಸಡಿಲಿಸುತ್ತವೆ. ತುಂಡಾದ ಇಲಾಸ್ಟಿನ್ ಚೂರುಗಳು ಮತ್ತಷ್ಟು ಬಿಳಿ ಕಣಗಳನ್ನು ಸೆಳೆಯುತ್ತವೆ. ಹತ್ತಿ ಧೂಳಿನಲ್ಲಿರುವ ಬ್ಯಾಕ್ಟೀರಿಯಾಗಳ ಎಂಡೊಟಾಕ್ಸಿನ್ ಕೂಡ ನ್ಯೂಟ್ರೊಫಿಲ್‌ಗಳನ್ನು ಕರೆತರುತ್ತದೆ.

ಗೋಡೆಗಳು ಕಳಚಿ ಪುಟ್ಟ ಕೋಶಗಳು ಕೂಡಿಕೊಂಡರೆ ಆಕ್ಸಿಜನ್ ಹೀರುವ ಮೇಲ್ಮೈ ಕುಗ್ಗುತ್ತದೆ. ಉಸಿರು ಬಿಡುವಾಗ ನಾಳಗಳು ಕುಸಿದು ಗಾಳಿ ಒಳಗೇ ಉಳಿಯುತ್ತದೆ. ಔಷಧಗಳು ನಾಳಗಳನ್ನು ಹಿಗ್ಗಿಸಬಲ್ಲವು. ಹೋದ ಗೋಡೆಗಳನ್ನು ಮತ್ತೆ ಕಟ್ಟಲಾರವು. ಹೊಗೆಯಿಂದ ದೂರವಾದರೆ ಹಾನಿಯ ವೇಗ ತಗ್ಗುತ್ತದೆ. ಆದ್ದರಿಂದ ಬೀಡಿ ಬಿಡುವುದು, ಅಡುಗೆಗೆ ಗ್ಯಾಸ್ ಬಳಸುವುದು, ಅದಾಗದಿದ್ದರೆ ಒಲೆಗೆ ಹೊಗೆಕೊಳವೆ ಕೂಡಿಸುವುದು ಅಗತ್ಯ. ತಿಂಗಳುಗಟ್ಟಲೆ ಕೆಮ್ಮು, ಕಫ ಇದ್ದರೆ ವಯಸ್ಸಾಯಿತೆಂದು ಸುಮ್ಮನಿರದೆ ವೈದ್ಯರಲ್ಲಿ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಬೇಕು.