ನರಕದ ಬಾಗಿಲಲ್ಲಿ ಬಾಣಲೆ

"ಪಾತ್ರೆಗೆ ಹೆಸರು ಹಾಕಿಸಿದ್ದಾಳೇನೋ ನೋಡು."

ಗೋಡೆಗೆ ಮೊಳೆ ಹೊಡೆದು, ಚಿತ್ರ ತೂಗುಹಾಕಿ, ಇನ್ನೂ ಸ್ಟೂಲಿನಿಂದ ಇಳಿದಿರಲಿಲ್ಲ. ಕೆಳಗೆ ನಿಂತು ಸೊಟ್ಟ ಇದೆಯಾ ನೆಟ್ಟಗಿದೆಯಾ ಎಂದು ಹೇಳಬೇಕಿದ್ದ ಅಮ್ಮ ಕನ್ನಡಕ ಏರಿಸಿಕೊಂಡು ಹೀಗೆ ಕೇಳಿದಳು. ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ ಓದುತ್ತಿರುವ ಅಕ್ಕನ ಮಗಳು ರಜೆಗೆ ಬರುವಾಗ ಚಾಕೊಲೇಟಿನ ಡಬ್ಬದ ಜೊತೆ ಸುರುಳಿ ಸುತ್ತಿ ತಂದಿದ್ದ ಪೋಸ್ಟರ್ ಅದು. ಪೀಟರ್ ಬ್ರೂಗೆಲ್ 1563ರಲ್ಲಿ ಬರೆದ 'ಡುಲ್ಲೆ ಗ್ರೀಟ್' ಚಿತ್ರದ ಪ್ರತಿ. ಮೂಲಚಿತ್ರ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನ ಮೇಯರ್ ವ್ಯಾನ್ ಡೆನ್ ಬರ್ಗ್ ಮ್ಯೂಸಿಯಮ್ಮಿನದು. ಓಕ್ ಹಲಗೆಯ ಮೇಲಿನದು, ನಾಲ್ಕಡಿಗೆ ಸ್ವಲ್ಪ ಕಡಿಮೆ ಎತ್ತರ, ಐದಡಿಗೆ ಸ್ವಲ್ಪ ಹೆಚ್ಚು ಅಗಲ.

ಚಿತ್ರದಲ್ಲಿ ಆಕಾಶಕ್ಕೇ ಬೆಂಕಿ ಬಿದ್ದಿದೆ. ಎಡಗಡೆ ಕಣ್ಣರಳಿಸಿ ಬಾಯಿ ತೆರೆದ ದೈತ್ಯಮುಖವೊಂದಿದೆ, ಅದೇ ನರಕದ ಹೆಬ್ಬಾಗಿಲು. ಎಲ್ಲೆಲ್ಲೂ ಮೀನೋ ಕಪ್ಪೆಯೋ ಮನುಷ್ಯನೋ ತಿಳಿಯದ ಪಿಶಾಚಿಗಳು. ಇವೆಲ್ಲದರ ನಡುವೆ, ಉಳಿದವರನ್ನೆಲ್ಲ ಕುಬ್ಜರನ್ನಾಗಿಸುವಷ್ಟು ಎತ್ತರದ ಹೆಂಗಸೊಬ್ಬಳು ದಾಪುಗಾಲು ಹಾಕುತ್ತಿದ್ದಾಳೆ, ಇವಳೇ ಗ್ರೀಟ್. ತಲೆಗೆ ಉಕ್ಕಿನ ಟೋಪಿ, ಎದೆಗೆ ಉಕ್ಕಿನ ಕವಚ, ಅದರ ಕೆಳಗೆ ಮನೆಯಲ್ಲಿ ಉಡುವ ಮಾಮೂಲಿ ಲಂಗ. ಒಂದು ಕೈಯಲ್ಲಿ ಉದ್ದನೆಯ ಕತ್ತಿ. ಇನ್ನೊಂದು ಕಂಕುಳಲ್ಲಿ ದುಡ್ಡಿನ ಪೆಟ್ಟಿಗೆ, ತೋಳಿಗೆ ಬುಟ್ಟಿ, ಕಟ್ಟಿಕೊಂಡ ಬಟ್ಟೆಯ ಮಡಿಲು ತುಂಬ ತಟ್ಟೆ, ಹೂಜಿ, ಬಾಣಲೆ.

ಇಷ್ಟು ದೊಡ್ಡ ನರಕ ಇಟ್ಟುಕೊಂಡು ಅಮ್ಮನಿಗೆ ಕಂಡದ್ದು ಪಾತ್ರೆ. ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಮನೆಯ ಡಬರಿ, ಬೋಗುಣಿ, ಕೊಳದಪ್ಪಲೆಗಳ ಕಂಠದಲ್ಲೆಲ್ಲ ಚುಕ್ಕೆ ಚುಕ್ಕೆಯಾಗಿ ಅಜ್ಜಿಯ ಹೆಸರಿದೆ, ಕೆಲವಕ್ಕೆ ಮದುವೆಯ ತಾರೀಖೂ ಇದೆ. ಊರಿನ ಸಮಾರಂಭಕ್ಕೆ ಕೊಟ್ಟ ಪಾತ್ರೆ ವಾಪಸು ಬರುವುದು ಆ ಚುಕ್ಕೆಗಳ ಧೈರ್ಯದ ಮೇಲೆ. ಗ್ರೀಟ್ ಕದ್ದು ತಂದ ಪಾತ್ರೆಯ ಮೇಲೆ ಯಾರ ಹೆಸರಿದೆ ಎಂಬುದು ಅಮ್ಮನ ಪಾಲಿಗೆ ಮುಖ್ಯ ಪ್ರಶ್ನೆ. ಕಲಾ ಇತಿಹಾಸಕಾರರು ಯಾರೂ ಇದನ್ನು ಎತ್ತಿದಂತಿಲ್ಲ.

ಹೆಸರಿನ ಅರ್ಥ ಕೇಳಿದರೆ ಸುಲಭ. 'ಡುಲ್ಲೆ' ಅಂದರೆ ಹುಚ್ಚು ಹಿಡಿದ, ಸಿಟ್ಟು ನೆತ್ತಿಗೇರಿದ. ಗ್ರೀಟ್ ಅಂದರೆ ಮಾರ್ಗರೆಟ್. ಆ ಕಾಲದ ಫ್ಲೆಮಿಶ್ ಸೀಮೆಯಲ್ಲಿ ಬಾಯಿಬಡುಕಿಯರಿಗೆಲ್ಲ ಸಗಟಾಗಿ ಇಡುತ್ತಿದ್ದ ಹೆಸರು. ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು' ಓದಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ನರಕದ ಬಾಗಿಲಲ್ಲೇ ದೋಚಿಕೊಂಡು ಕೂದಲೂ ಕೊಂಕದೆ ವಾಪಸಾಗುವವಳು ಅಂತ ಗಟ್ಟಿಗಿತ್ತಿಯರನ್ನು ಆಡಿಕೊಳ್ಳುವ ಗಾದೆ ಅಲ್ಲಿತ್ತು. ಇನ್ನೊಂದು ಗಾದೆ ಲೆಕ್ಕದ ರೂಪದ್ದು: ಹೆಂಗಸು ಒಬ್ಬಳಿದ್ದರೆ ಗಲಾಟೆ, ಇಬ್ಬರಾದರೆ ತಂಟೆ, ಮೂವರಾದರೆ ಸಂತೆ, ನಾಲ್ವರಾದರೆ ಜಗಳ, ಐವರಾದರೆ ದಂಡು, ಆರು ಮಂದಿಯಾದರೆ ಸೈತಾನನ ಬಳಿಯೂ ಆಯುಧವಿಲ್ಲ. ಬ್ರೂಗೆಲ್ ಈ ಲೆಕ್ಕವನ್ನು ಹಾಗೇ ಬಣ್ಣಕ್ಕಿಳಿಸಿದ್ದಾನೆ. ಗ್ರೀಟ್‌ಳ ಹಿಂದೆ ಪುಟ್ಟಪುಟ್ಟ ಹೆಂಗಸರ ದಂಡೊಂದು ಪಿಶಾಚಿಗಳಿಗೆ ಬಡಿಯುತ್ತಿದೆ, ಮನೆ ನುಗ್ಗಿ ಸಾಮಾನು ಹೊರಹಾಕುತ್ತಿದೆ. ಒಬ್ಬಳಂತೂ ಪಿಶಾಚಿಯನ್ನು ದಿಂಬಿಗೆ ಹಾಕಿ ಬಿಗಿಯುತ್ತಿದ್ದಾಳೆ, ಹಾಸಿಗೆ ಸುರುಳಿಗೆ ಹಗ್ಗ ಕಟ್ಟುವಷ್ಟೇ ಸಲೀಸಾಗಿ.

ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಸಂಜೆ ಕಾಫಿಗೆ ಬಂದವರು ಪೆಟ್ಟಿಗೆಯನ್ನೇ ದಿಟ್ಟಿಸಿದರು. "ಒಂದು ಲಾಕರ್ ಮಾಡಿಸಿಕೊಂಡಿದ್ದರೆ ಈಯಮ್ಮನಿಗೆ ಈ ಪಾಡು ಬೇಕಿತ್ತಾ?" ಅಂದರು. ಆಮೇಲೆ ಬ್ಯಾಂಕಿನವರು ಕೇಳಲೇಬೇಕಾದ ಪ್ರಶ್ನೆ ಬಂತು: "ಎಷ್ಟಕ್ಕೆ ತಗೊಂಡರಂತೆ?"

ಅದೂ ಒಂದು ಕತೆಯೇ. ಈ ಚಿತ್ರ ಮೊದಲು ಪ್ರಾಗ್‌ನ ಅರಮನೆಯಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫನ ಸಂಗ್ರಹದಲ್ಲಿತ್ತು. 1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗ್ ನಗರಕ್ಕೆ ನುಗ್ಗಿ ಅರಮನೆಯ ಸಂಗ್ರಹವನ್ನು ಗಾಡಿಗೆ ತುಂಬಿಕೊಂಡು ಹೋಯಿತಲ್ಲ, ಆ ಮೂಟೆಯಲ್ಲಿ ಗ್ರೀಟ್ ಕೂಡ ಹೋದಳು. ಕೊಳ್ಳೆಯ ಚಿತ್ರವೇ ಕೊಳ್ಳೆ ಹೋಯಿತು! ಕೊನೆಗೆ 1890ರ ದಶಕದಲ್ಲಿ ಜರ್ಮನಿಯ ಕಲೋನ್‌ನ ಹರಾಜಿನಲ್ಲಿ ಇದು ಬಂದಾಗ ಬರೆದವರು ಯಾರೆಂದು ಯಾರಿಗೂ ಖಾತ್ರಿಯಿರಲಿಲ್ಲ. ಆಂಟ್‌ವರ್ಪ್‌ನ ಸಂಗ್ರಾಹಕ ಫ್ರಿಟ್ಸ್ ಮೇಯರ್ ವ್ಯಾನ್ ಡೆನ್ ಬರ್ಗ್ ಪುಡಿಗಾಸಿಗೆ ಕೊಂಡು ಮನೆಗೆ ತಂದ. ಬ್ರೂಗೆಲ್‌ನದು ಎಂದು ಆಮೇಲಷ್ಟೇ ಗೊತ್ತಾಯಿತು. 1901ರಲ್ಲಿ ಫ್ರಿಟ್ಸ್ ಕುದುರೆಯಿಂದ ಬಿದ್ದು ತೀರಿಕೊಂಡ, ಇನ್ನೂ 43 ವಯಸ್ಸು. ಅವನ ತಾಯಿ ಹೆನ್ರಿಯೆಟ್ ಮಗನ ಸಂಗ್ರಹಕ್ಕೆಂದೇ ಕಟ್ಟಡ ಕಟ್ಟಿಸಿ 1904ರಲ್ಲಿ ಮ್ಯೂಸಿಯಂ ತೆರೆದಳು. ಇಷ್ಟನ್ನೂ ಕೇಳಿದ ಬ್ಯಾಂಕಿನವರು "ಹಾಗಾದರೆ ಒಳ್ಳೆ ಹೂಡಿಕೆ" ಎಂದು ಕಾಫಿ ಲೋಟ ಕೆಳಗಿಟ್ಟರು.

ಅಮ್ಮನ ಎರಡನೇ ಆಕ್ಷೇಪ ಬಂದದ್ದು ಸೂರಿನ ಮೇಲೆ ಕುಳಿತವನ ಬಗ್ಗೆ. ಬೆನ್ನ ಮೇಲೆ ದೋಣಿ ಹೊತ್ತ ವಿಚಿತ್ರ ಜೀವಿಯದು. ಒಡೆದ ಮೊಟ್ಟೆಯಂಥ ತನ್ನ ಹಿಂಭಾಗದಿಂದ ಉದ್ದನೆಯ ಸೌಟಿನಲ್ಲಿ ನಾಣ್ಯ ಗೋರಿ ಗೋರಿ ಕೆಳಗೆ ಸುರಿಯುತ್ತಿದ್ದಾನೆ, ಹೆಂಗಸರು ಮುಗಿಬಿದ್ದು ಆಯುತ್ತಿದ್ದಾರೆ. ಲೋಭದ ಸಂಕೇತ, ಬಾಶ್‌ ಎಂಬ ಹಿರಿಯ ಚಿತ್ರಕಾರನ ಪ್ರಭಾವ ಎಂದೆಲ್ಲ ಅಕ್ಕನ ಮಗಳು ವಿವರಿಸಿದಳು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಕಣೇ, ಆ ಸೌಟನ್ನ ಮತ್ತೆ ಅಡುಗೆಗೆ ಬಳಸ್ತಾರಾ?" ಅಂದಳು.

ಚಿತ್ರ ನೋಡಿ ನಗಬಾರದು, ಗಂಭೀರವಾಗಿರಬೇಕು ಅನ್ನುವವರಿಗೆ ಒಂದು ಮಾತು. 1604ರಲ್ಲಿ ಕಾರೆಲ್ ಫಾನ್ ಮಾಂಡರ್ ಎಂಬಾತ ಚಿತ್ರಕಾರರ ಚರಿತ್ರೆ ಬರೆದ. ನರಕದ ಮುಂದೆ ದೋಚುವ, ಗಾಬರಿಗಣ್ಣಿನ, ಚಿತ್ರವಿಚಿತ್ರ ವೇಷದ ಗ್ರೀಟ್‌ಳ ಪ್ರಸ್ತಾಪ ಅದರಲ್ಲೇ ಇದೆ. ಜನ ಬ್ರೂಗೆಲ್‌ನನ್ನು ತಮಾಷೆ ಪೀಟರ್ ಎಂದು ಕರೆಯುತ್ತಿದ್ದರಂತೆ. ಎಂಥ ಬಿಗಿದ ಮೋರೆಯವನೂ ಅವನ ಚಿತ್ರದ ಮುಂದೆ ನಿಂತರೆ ತುಟಿಯಂಚಿನಲ್ಲಾದರೂ ನಗಲೇಬೇಕು ಎಂದೂ ಮಾಂಡರ್ ಬರೆದಿದ್ದಾನೆ. ನಗುವುದಕ್ಕೆ ನಾನೂರು ವರ್ಷದ ಹಿಂದೆಯೇ ಅನುಮತಿ ಸಿಕ್ಕಿದೆ. ಯಾರನ್ನು ನೋಡಿ ನಗಬೇಕು ಎನ್ನುವುದರಲ್ಲಿ ಮಾತ್ರ ನನಗೆ ತಕರಾರು. ಗಾದೆ ಕಟ್ಟಿದ ಗಂಡಸರು ಗ್ರೀಟ್‌ಳನ್ನು ನೋಡಿ ನಕ್ಕರು: ಲೋಕ ಮುಳುಗುತ್ತಿದ್ದರೆ ಇವಳು ಬಾಣಲೆ ಅಪ್ಪಿಕೊಂಡಿದ್ದಾಳಲ್ಲ ಅಂತ. ನನಗೆ ನಗು ಬರುವುದು ಆ ಪಿಶಾಚಿಗಳನ್ನು ನೋಡಿ. ಬಣ್ಣಬಣ್ಣದ ಕೋರೆಹಲ್ಲು, ಬಾಲ, ರೆಕ್ಕೆ ಎಲ್ಲ ಇಟ್ಟುಕೊಂಡು ಒಂದಡುಗೆಮನೆಯ ಹೆಂಗಸರ ಕೈಲಿ ಒದೆ ತಿನ್ನುತ್ತಿವೆ. ಬಾಣಲೆ ಹೊತ್ತವಳಿಗೆ ನಾಳೆ ಬೆಳಗ್ಗೆ ಒಲೆ ಹಚ್ಚಬೇಕೆಂಬ ಎಚ್ಚರವಾದರೂ ಇದೆ.

ಮಾಂಡರನ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಬ್ರೂಗೆಲ್ ಆಂಟ್‌ವರ್ಪ್‌ನಲ್ಲಿ ಮನೆಗೆಲಸದ ಹುಡುಗಿಯೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಅವಳು ಮಾತೆತ್ತಿದರೆ ಸುಳ್ಳು. ಇವನು ಉದ್ದನೆಯ ಕೋಲೊಂದು ತಂದು, ಒಂದೊಂದು ಸುಳ್ಳಿಗೆ ಒಂದೊಂದು ಗೀರು, ಕೋಲು ತುಂಬಿದರೆ ಮದುವೆ ಇಲ್ಲ ಅಂದ. ಬೇಗನೆ ತುಂಬಿತು. ಆಮೇಲೆ ತನ್ನ ಗುರುವಿನ ಮಗಳು ಮೈಕೆನ್‌ಳನ್ನು ಮದುವೆಯಾಗುವಾಗ ಅತ್ತೆಯಾಗುವವಳು ಷರತ್ತು ಹಾಕಿದಳು: ಊರು ಬಿಟ್ಟು ಬ್ರಸೆಲ್ಸ್‌ಗೆ ಬರಬೇಕು, ಹಳೆಯ ಹುಡುಗಿ ಮನಸ್ಸಿನಿಂದಲೂ ಅಳಿಸಿಹೋಗಬೇಕು. ಅತ್ತೆಯೂ ಸಾಮಾನ್ಯಳಲ್ಲ, ಮಗಳದೇ ಹೆಸರಿನ ಮೈಕೆನ್ ವೆರ್‌ಹುಲ್ಸ್ಟ್ ಎಂಬ ಹೆಸರಾಂತ ಚಿತ್ರಕಾರ್ತಿ. ಮದುವೆ ನಡೆದದ್ದು 1563ರಲ್ಲಿ, ಬ್ರಸೆಲ್ಸ್‌ನಲ್ಲಿ. ಚಿತ್ರದ ಮೇಲಿನ ಇಸವಿ 1561 ಅಥವಾ 1562 ಎಂದೇ ಬಹುಕಾಲ ಓದುತ್ತಿದ್ದರು. 2017–18ರಲ್ಲಿ ಬ್ರಸೆಲ್ಸ್‌ನ ತಜ್ಞರು ಹಳದಿಗಟ್ಟಿದ ವಾರ್ನಿಷ್ ತೆಗೆದು ಶುಚಿ ಮಾಡಿದಾಗ 1563 ಎಂದು ಖಚಿತವಾಯಿತು. ಅಂದರೆ ಹೆಂಗಸೊಬ್ಬಳು ಮನೆಸಾಮಾನು ಹೊತ್ತು ಧಾವಿಸುವ ಈ ಚಿತ್ರಕ್ಕೆ ಬ್ರೂಗೆಲ್ ಇಸವಿ ಹಾಕಿದ್ದು, ಅತ್ತೆಯ ಮಾತಿಗೆ ತಲೆಬಾಗಿ ಅವನೇ ಗಂಟುಮೂಟೆ ಕಟ್ಟಿದ ವರ್ಷ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೂ ಬಾಡಿಗೆ ಮನೆ ಬದಲಿಸಿ ಗೊತ್ತಿರುವವರು ಆಕಾಶಕ್ಕೆ ಬೆಂಕಿ ಬಿದ್ದದ್ದು ಯಾಕೆಂದು ಕೇಳಲಾರರು.

ಗ್ರೀಟ್‌ಳ ಹೆಸರು ಚಿತ್ರಕ್ಕೇ ನಿಂತಿಲ್ಲ. ಗೆಂಟ್ ನಗರದಲ್ಲಿ ಅದೇ ಹೆಸರಿನ ಕೆಂಪು ಬಣ್ಣದ ದೈತ್ಯ ಫಿರಂಗಿಯಿದೆ, ಹದಿನೈದನೇ ಶತಮಾನದ್ದು. ಅಲ್ಲೇ ಹತ್ತಿರ ಅದೇ ಹೆಸರಿನ ಬಿಯರ್ ಅಂಗಡಿಯೂ ಇದೆ. ಅಲ್ಲಿ ಮರದ ಹಿಡಿಯ ದೊಡ್ಡ ಗಾಜಿನ ಲೋಟದಲ್ಲಿ ಬಿಯರ್ ಬೇಕೆಂದರೆ ಒಂದು ಕಾಲಿನ ಶೂ ಬಿಚ್ಚಿ ಅಡ ಇಡಬೇಕು. ಅದನ್ನು ಬುಟ್ಟಿಗೆ ಹಾಕಿ ಮಾಡಿಗೆ ಎಳೆದು ನೇತುಹಾಕುತ್ತಾರೆ. ಲೋಟ ವಾಪಸು ಕೊಟ್ಟರೆ ಶೂ. ಗಿರಾಕಿಗಳು ಲೋಟ ಹೊತ್ತೊಯ್ಯುವ ಕಾಟಕ್ಕೆ ಕಂಡುಕೊಂಡ ಉಪಾಯ. ಪಾತ್ರೆಗೆ ಹೆಸರು ಹಾಕಿಸುವ ನಮ್ಮ ಪದ್ಧತಿಯೇ ಇದಕ್ಕಿಂತ ಮರ್ಯಾದಸ್ಥ ಎಂದು ಅಮ್ಮನ ಅಭಿಪ್ರಾಯ. ನಾಟಕಕಾರ ಬ್ರೆಕ್ಟ್‌ಗೂ ಗ್ರೀಟ್ ಅಂದರೆ ಪ್ರೀತಿ. ಯುದ್ಧದ ನಡುವೆ ಸಾಮಾನಿನ ಗಾಡಿ ಎಳೆಯುವ ಅವನ 'ಮದರ್ ಕರೇಜ್' ನಾಟಕದ ತಾಯಿಯ ಹಿಂದೆ ಇವಳ ನೆರಳಿದೆ. ಆ ನಾಟಕದ ಯುದ್ಧ ಮೂವತ್ತು ವರ್ಷಗಳ ಯುದ್ಧ. ಪ್ರಾಗ್‌ನಿಂದ ಚಿತ್ರ ಕೊಳ್ಳೆ ಹೋದದ್ದು ಅದೇ ಯುದ್ಧದ ಕೊನೆಗೆ.

ಪಂಡಿತರು ಇನ್ನೂ ಜಗ್ಗಾಡುವ ಪ್ರಶ್ನೆಯೊಂದಿದೆ. ಗ್ರೀಟ್ ದೋಚಲು ಹೊರಟಿದ್ದಾಳೋ, ದೋಚಿ ಮನೆಗೆ ಹೊರಟಿದ್ದಾಳೋ? ಈ ಪ್ರಶ್ನೆಯನ್ನು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕನ ಮುಂದಿಟ್ಟೆ. ಅವರು ಕೈಯಲ್ಲಿದ್ದ ಕುಕ್ಕರಿನ ಮುಚ್ಚಳ ಕೆಳಗಿಡದೆ ಹಾಲ್‌ಗೆ ಬಂದು, ನೀರು ತೊಟ್ಟಿಕ್ಕಿಸುತ್ತಾ ಚಿತ್ರವನ್ನು ಒಂದು ನಿಮಿಷ ನೋಡಿದರು.

"ಮನೆಗೇ ಹೊರಟವ್ಳೆ. ಕದಿಯಾಕೆ ಹೋಗೋರು ಖಾಲಿ ಚೀಲ ತಗೊಂಡು ಹೋಯ್ತಾರೆ, ತುಂಬಿದ ಬುಟ್ಟಿ ಯಾಕೆ ಹೊರ್ತಾರೆ?"

ಹಾಗಾದರೆ ಮುಖ ನರಕದ ಬಾಯಿಯ ಕಡೆಗೇ ಇದೆಯಲ್ಲ ಅಂದೆ.

"ಅಲ್ಲಿ ಇನ್ನೇನೋ ಬುಟ್ಟು ಬಂದಿರ್ಬೇಕು" ಅಂದವರು ಒಳಗೆ ಹೋಗಿ ನಲ್ಲಿ ತಿರುಗಿಸಿದರು.