ಬ್ರೇಕ್ ಪ್ಯಾಡ್ ದೀಪ ಹತ್ತಿದ್ರೆ ಮೊದಲು ಏನು ನೋಡ್ಬೇಕು?

ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ.
ಒಂದು ವೃತ್ತ, ಎರಡೂ ಬದಿ ತುಂಡು ತುಂಡು ಗೆರೆ.
ಏನಿದು?

ಬ್ರೇಕ್ ಪ್ಯಾಡ್ ಸವೆದಿದೆ ಅನ್ನೋ ಸೂಚನೆ.

ಪ್ಯಾಡ್‌ನಲ್ಲಿ ಒಂದು ಸಣ್ಣ ವೈರ್ ಕೂರಿಸಿರ್ತಾರೆ.
ಪ್ಯಾಡ್ ತೆಳ್ಳಗಾದಾಗ ಡಿಸ್ಕ್ ಆ ವೈರನ್ನ ಉಜ್ಜಿ ತುಂಡು ಮಾಡುತ್ತೆ.
ವೈರ್ ಕಟ್, ದೀಪ ಆನ್.

ಆದ್ರೆ ಪ್ಯಾಡ್ ಚೆನ್ನಾಗಿದ್ರೂ ದೀಪ ಹತ್ತಬಹುದು!
ಕಲ್ಲು ಬಡಿದು ವೈರ್ ಹರಿದ್ರೂ,
ಕನೆಕ್ಟರ್‌ಗೆ ಕೆಸರು ನೀರು ಹೊಕ್ಕಿದ್ರೂ,
ಕಾರಿಗೆ ಎಲ್ಲಾ ಒಂದೇ.

ಅದಕ್ಕೇ ಬರೀ ದೀಪ ನೋಡಿ ದುಡ್ಡು ಕೊಡ್ಬೇಡಿ.
ಚಕ್ರ ಬಿಚ್ಚಿಸಿ, ಪ್ಯಾಡ್ ನೋಡಿ.
ಒಳಗಡೆ ಪ್ಯಾಡ್ ಕೂಡ!
ಹೊರಗಿನದು ದಪ್ಪ ಇದ್ದು, ಒಳಗಿನದು ಸವೆದಿರೋದು ಉಂಟು.

3 ಮಿಲಿಮೀಟರ್‌ಗೆ ಇಳಿದಿದ್ರೆ ಬದಲಾಯಿಸಿ.
ತುಂಡಾದ ಸೆನ್ಸರ್ ವೈರ್ ಕೂಡ ಹೊಸದು ಹಾಕಿಸಿ,
ಇಲ್ಲಾಂದ್ರೆ ದೀಪ ಆರಲ್ಲ.

ಹಾಗೇ ಓಡಿಸಿದ್ರೆ?
ಪೆನ್ಸಿಲ್ ತುದಿಯ ರಬ್ಬರ್ ಮುಗಿದು ತಗಡು ಕಾಗದವನ್ನ ಹರಿಯುತ್ತಲ್ಲ,
ಹಾಗೆ ಪ್ಯಾಡ್‌ನ ಕಬ್ಬಿಣ ಡಿಸ್ಕನ್ನೇ ಕೆರೆಯುತ್ತೆ.

ಎಷ್ಟೋ ಕಾರುಗಳಲ್ಲಿ ಈ ದೀಪನೇ ಇರಲ್ಲ.
ಅಲ್ಲಿ ಕೀಚ್ ಅನ್ನೋ ಸದ್ದೇ ಎಚ್ಚರಿಕೆ.

ಇನ್ನು ಕೆಂಪು ಬ್ರೇಕ್ ದೀಪ?
ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಆರದಿದ್ರೆ,
ಗಾಡಿ ಪಕ್ಕಕ್ಕೆ ಹಾಕಿ,
ಬ್ರೇಕ್ ಆಯಿಲ್ ಎಷ್ಟಿದೆ ನೋಡಿ.